ಒಂದೇ ಹಿಟ್ಟು, ಎರಡು ಲೆಕ್ಕ

ಲಿಂಗಂಪಲ್ಲಿಯ ಸೂಪರ್‌ಮಾರ್ಕೆಟ್‌ನಲ್ಲಿ ಎರಡು ಕಂಪನಿಗಳ ಗೋಧಿ ಹಿಟ್ಟಿನ ಪೊಟ್ಟಣಗಳನ್ನು ತಿರುಗಿಸಿ ನೋಡಿದರೆ ಪದಾರ್ಥಗಳ ಪಟ್ಟಿಯಲ್ಲಿ ಇರುವುದು ಒಂದೇ ಮಾತು: ಗೋಧಿ. ಆದರೆ 100 ಗ್ರಾಂಗೆ ಬರೆದ ಕ್ಯಾಲೊರಿ ಒಂದೇ ಆಗಿರಬೇಕೆಂದಿಲ್ಲ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದು ಗಿರಾಕಿಗೆ ಅನ್ನಿಸುವುದು ಸಹಜ. ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು. ತೊಡಕು ಇರುವುದೇ ಅಲ್ಲಿ.

ಲಿಂಗಂಪಲ್ಲಿಯಿಂದ ಫಲಕ್‌ನುಮಾಕ್ಕೆ ಹೋಗುವ ಎಂಎಂಟಿಎಸ್ ರೈಲಿನ ದಾರಿಯಲ್ಲೇ ಜಾಮಿಯಾ ಉಸ್ಮಾನಿಯಾ ನಿಲ್ದಾಣವಿದೆ. ಅದರ ಆಸುಪಾಸಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ 1918ರಲ್ಲಿ ಕೂನೂರಿನಲ್ಲಿ ಶುರುವಾಗಿ 1958ರಲ್ಲಿ ಹೈದರಾಬಾದಿಗೆ ಬಂದದ್ದು. ಅದರ ಹಳೆಯ ಕೋಷ್ಟಕದ ಪ್ರಕಾರ 100 ಗ್ರಾಂ ಗೋಧಿ ಹಿಟ್ಟಿನಲ್ಲಿ 341 ಕಿಲೊಕ್ಯಾಲೊರಿ. 2017ರ ಕೋಷ್ಟಕದಲ್ಲಿ ಸುಮಾರು 320. ತಳಿ, ಮಣ್ಣಿನ ವ್ಯತ್ಯಾಸದ ಜೊತೆಗೆ ಅಳೆಯುವ ಕ್ರಮವೂ ಬದಲಾಗಿದೆ. ಹಳೆಯದರಲ್ಲಿ ತೇವಾಂಶ, ಪ್ರೋಟೀನ್, ಕೊಬ್ಬು, ಖನಿಜ, ಕಚ್ಚಾ ನಾರುಗಳನ್ನು ಕಳೆದು ಉಳಿದದ್ದೆಲ್ಲ ಕಾರ್ಬೊಹೈಡ್ರೇಟ್. ಅಲ್ಲಿ ಲೆಕ್ಕಕ್ಕೆ ಸಿಕ್ಕ ನಾರು ಎರಡು ಗ್ರಾಂ ಕೂಡ ಇಲ್ಲ. ಹೊಸ ವಿಧಾನದಲ್ಲಿ ಅದು 11 ಗ್ರಾಂ ದಾಟುತ್ತದೆ.

ಪೊಟ್ಟಣದ ಮೇಲಿನ ಕ್ಯಾಲೊರಿ ಸಾಮಾನ್ಯವಾಗಿ ಗುಣಾಕಾರದ ಫಲ: ಪ್ರೋಟೀನ್ ಮತ್ತು ಕಾರ್ಬೊಹೈಡ್ರೇಟ್ ಗ್ರಾಂಗೆ 4, ಕೊಬ್ಬು 9. ನಾರನ್ನು ಕಾರ್ಬೊಹೈಡ್ರೇಟಿನಲ್ಲೇ ಸೇರಿಸಿದರೆ ಅದಕ್ಕೂ 4, ಯುರೋಪಿನ ನಿಯಮದಂತೆ ಬೇರೆ ಇಟ್ಟರೆ 2, ಪೂರ್ತಿ ಬಿಟ್ಟರೆ ಸೊನ್ನೆ. ಹತ್ತು ಗ್ರಾಂ ನಾರಿರುವ ಹಿಟ್ಟಿನಲ್ಲಿ ಇಷ್ಟರಿಂದಲೇ 40 ಕ್ಯಾಲೊರಿ ಹೆಚ್ಚು ಕಡಿಮೆಯಾಗುತ್ತದೆ. ಯಾವ ದಾರಿ ಹಿಡಿದರು ಎಂದು ಲೇಬಲ್ ಹೇಳುವುದಿಲ್ಲ. ಭಾರತದ 2020ರ ಲೇಬಲಿಂಗ್ ನಿಯಮಗಳ ಕಡ್ಡಾಯ ಪಟ್ಟಿಯಲ್ಲಿ ಸಕ್ಕರೆ, ಕೊಬ್ಬು, ಸೋಡಿಯಂ ಎಲ್ಲ ಇವೆ, ನಾರು ಇಲ್ಲ.

ತೂಕ ಇಳಿಸಲು ಹೊರಟವರಿಗೆ ಇಪ್ಪತ್ತು ಮೂವತ್ತು ಕ್ಯಾಲೊರಿ ದೊಡ್ಡದಲ್ಲ ಎನ್ನಬಹುದು. ಆದರೆ ಊಟದ ಕಾರ್ಬೊಹೈಡ್ರೇಟ್ ಎಣಿಸಿ ಇನ್ಸುಲಿನ್ ಚುಚ್ಚಿಕೊಳ್ಳುವವರ ಮನೆಯಲ್ಲಿ ಆ ಸಾಲಿನೊಳಗೆ ನಾರು ಸೇರಿದೆಯೇ ಇಲ್ಲವೇ ಎನ್ನುವುದು ಡೋಸ್‌ನ ಪ್ರಶ್ನೆ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಮಧುಮೇಹಿಗಳು 10 ಕೋಟಿಗೂ ಹೆಚ್ಚು. ಇವರಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರು ಒಂದು ಭಾಗ ಮಾತ್ರ ನಿಜ. ಆದರೆ ಲೇಬಲನ್ನು ನಂಬಲೇಬೇಕಾದವರು ಅವರೇ.

ಬಿಸ್ಕತ್ತು, ಚಿಪ್ಸ್‌ಗಳಲ್ಲಿ ಗೊಂದಲ ಇನ್ನೊಂದು ಬಗೆಯದು. ‘ಒಂದು ಸರ್ವಿಂಗ್’ ಎಂದರೆ ಎಷ್ಟು ಎಂದು ನಿರ್ಧರಿಸುವವರು ತಯಾರಕರೇ. ಅಮೆರಿಕದಲ್ಲಿ ಇದಕ್ಕೆ ಆಧಾರವಾಗುವ ಪ್ರಮಾಣವನ್ನು ಆಹಾರವರ್ಗಕ್ಕೆ ತಕ್ಕಂತೆ ಸರ್ಕಾರವೇ ಗೊತ್ತುಮಾಡಿದೆ.

ಬೆಳೆಯಿಂದ ಬೆಳೆಗೆ ಪೋಷಕಾಂಶ ಬದಲಾಗುತ್ತದೆ ಎಂದು ಕಂಪನಿಗಳು ಹೇಳಿದರೆ ಅದು ಸರಿಯೇ. ಅದು ಅಂಕಿಯಲ್ಲಿ ಒಂದಿಷ್ಟು ಸಡಿಲಿಕೆ ಕೇಳಲು ಕಾರಣ. ಲೆಕ್ಕದ ಕ್ರಮ ಮುಚ್ಚಿಡಲು ಅಲ್ಲ. 2022ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಪೊಟ್ಟಣದ ಮುಂಭಾಗಕ್ಕೆ ನಕ್ಷತ್ರಗಳ ಕರಡು ತಂದಿತು. ಆ ನಕ್ಷತ್ರಗಳ ಎಣಿಕೆಗೂ ಕ್ಯಾಲೊರಿ ಒಂದು ಆಧಾರ. ಹಿಂಭಾಗ ಸರಿಯಾಗದೆ ಮುಂಭಾಗ ಅಲಂಕರಿಸಿ ಏನು ಬಂತು?

ಬೇಕಿರುವುದು ಮೂರೇ: ನಾರಿನ ಸಾಲು ಕಡ್ಡಾಯವಾಗಲಿ, ಅಂಕಿ ಪ್ರಯೋಗಾಲಯದ್ದೋ ಕೋಷ್ಟಕದ್ದೋ ಎಂದು ಅಲ್ಲೇ ಬರೆಯಲಿ, ಸರ್ವಿಂಗ್‌ನ ಅಳತೆ ಆಹಾರವರ್ಗಕ್ಕೊಂದರಂತೆ ನಿಯಮದಲ್ಲೇ ಇರಲಿ. ಇದಕ್ಕೆ ಹೊಸ ಸಂಶೋಧನೆ ಬೇಡ, ಲೇಬಲ್ಲಿನ ಮೇಲೆ ಎರಡು ಸಾಲಿನ ಜಾಗ ಸಾಕು.