ಹಳ್ಳದ ಗುಳ್ಳೆಗೂ ಲೆಕ್ಕ ಬೇಕು

ರಾಯಚೂರು ಕಡೆಯ ಕಲ್ಲೂರು ಸೀಮೆಯ ಹಳ್ಳಗಳು ಎರಡು ಜನ್ಮ ಕಂಡಿವೆ. ಮುಂಗಾರಿನಲ್ಲಿ ಸೊಕ್ಕಿ ಹರಿದು, ದೀಪಾವಳಿ ಕಳೆದ ಮೇಲೆ ಬರೀ ಉಸುಕು ಉಳಿಸಿಕೊಳ್ಳುತ್ತಿದ್ದ ಹಳ್ಳ ಮೊದಲಿನದು. ಗದ್ದೆಯ ಬಸಿನೀರು, ಊರಿನ ಬಚ್ಚಲ ನೀರು ಎರಡನ್ನೂ ಹೊತ್ತು, ಮೈತುಂಬ ಜೊಂಡು ಬೆಳೆಸಿಕೊಂಡು, ಹರಿಯಲೂ ಆಗದೆ ಒಣಗಲೂ ಆಗದೆ ಮಲಗಿರುವ ಹಳ್ಳ ಈಗಿನದು. ಎಲ್ಲ ಹಳ್ಳಗಳಿಗೂ ಈ ಗತಿ ಬಂದಿಲ್ಲ. ಆದರೆ ನೀರಾವರಿ ಹೊಕ್ಕ ಕಡೆ ಇಂಥವು ಕಣ್ಣಿಗೆ ಬೀಳದೆ ಇರುವುದಿಲ್ಲ. ಅಂಥ ಹಳ್ಳದ ಕೆಸರಿಗೆ ಕೋಲು ಚುಚ್ಚಿದರೆ ಗುಳುಗುಳು ಗುಳ್ಳೆ ಏಳುತ್ತವೆ. ಆ ಗುಳ್ಳೆಯೊಳಗೆ ಮೀಥೇನ್ ಇರುತ್ತದೆ.

ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ 1776ರ ನವೆಂಬರಿನಲ್ಲಿ ಮಾಜೊರೆ ಸರೋವರದ ದಂಡೆಯಲ್ಲಿ ಮಾಡಿದ್ದೂ ಇದನ್ನೇ. ಕೆಸರು ಕೆದಕಿ, ಮೇಲೆದ್ದ ಗುಳ್ಳೆಗಳನ್ನು ಬಾಟಲಿಯಲ್ಲಿ ಹಿಡಿದು, ಆ ಗಾಳಿ ಹೊತ್ತಿ ಉರಿಯುವುದನ್ನು ತೋರಿಸಿದ. ಅದನ್ನು ಹುಟ್ಟಿಸುವ ಸೂಕ್ಷ್ಮಜೀವಿಗಳು ಬ್ಯಾಕ್ಟೀರಿಯಾಗಳೇ ಅಲ್ಲ, ಆರ್ಕಿಯಾ ಎಂಬ ಬೇರೆಯದೇ ಕುಲದವು ಎಂದು ಕಾರ್ಲ್ ವೋಸ್ ಕಂಡುಕೊಂಡದ್ದು 1977ರಲ್ಲಿ. ಆಮ್ಲಜನಕ ಸೋಕಿದರೆ ಅವು ಬದುಕಲಾರವು. ಕೊಳೆತ ಎಲೆ, ಕೂಳೆ, ಸಗಣಿ, ಚರಂಡಿ ಹೊಲಸು ಕೆಸರಿನಡಿ ಉಸಿರುಗಟ್ಟಿ ಕೂತಾಗ ಅವುಗಳ ಕೆಲಸ ಶುರುವಾಗುತ್ತದೆ. ಗೋಬರ್ ಗ್ಯಾಸ್ ಗುಂಡಿಯಲ್ಲಿ ನಡೆಯುವುದೂ ಇದೇ. ಅಲ್ಲಿ ಹುಟ್ಟಿದ ಅನಿಲ ಒಲೆಗೆ ಹೋಗುತ್ತದೆ, ಹಳ್ಳದ್ದು ಆಕಾಶಕ್ಕೆ. ಆಕಾಶದಲ್ಲಿ ಅದು ಹತ್ತು–ಹನ್ನೆರಡು ವರ್ಷ ಮಾತ್ರ ಉಳಿಯುತ್ತದೆ. ಆದರೆ 20 ವರ್ಷದ ಲೆಕ್ಕ ಹಿಡಿದರೆ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಹೆಚ್ಚು ಶಾಖ ಹಿಡಿದಿಡುತ್ತದೆ. ಇವತ್ತು ಕಡಿಮೆ ಮಾಡಿದರೆ ಫಲವನ್ನು ನಾವೇ ಬದುಕಿದ್ದು ನೋಡಬಹುದಾದ ಅನಿಲ ಇದು.

ಹೊಳೆ, ಹಳ್ಳ, ತೊರೆಗಳಿಂದ ಏಳುವ ಮೀಥೇನಿನ ಜಾಗತಿಕ ಲೆಕ್ಕವೊಂದು 2023ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಅದರ ಪ್ರಕಾರ ವರ್ಷಕ್ಕೆ ಸುಮಾರು 2.8 ಕೋಟಿ ಟನ್. ಇದು 1.7 ಕೋಟಿಯೂ ಇರಬಹುದು, 4 ಕೋಟಿಯೂ ಇರಬಹುದು ಎಂದು ಬರೆದವರೇ ಒಪ್ಪಿಕೊಂಡಿದ್ದಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಅಂಕಿಯಲ್ಲ. ಬಿಸಿ ಸೀಮೆಯ ಹೊಳೆಗಳು ಹೆಚ್ಚು, ತಣ್ಣನೆಯ ಸೀಮೆಯವು ಕಡಿಮೆ ಉಗುಳಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಕೆರೆ, ಜೌಗಿನಲ್ಲಿ ಶಾಖದ ಪ್ರಭಾವ ದೊಡ್ಡದೇ. ಹರಿಯುವ ನೀರಿನಲ್ಲಿ ಅದು ಅಷ್ಟಾಗಿ ಕಾಣಲಿಲ್ಲ. ಧ್ರುವದ ಕಡೆಯ ತೊರೆಗಳೂ ಉಷ್ಣವಲಯದ ಹೊಳೆಗಳಷ್ಟೇ ಮೀಥೇನ್ ಬಿಡುತ್ತಿದ್ದವು. ಮನುಷ್ಯರ ಕೈ ಹೆಚ್ಚು ಆಡಿದ ಕಡೆಗಳಲ್ಲೂ ಅದು ಜೋರಾಗಿತ್ತು. ಅಂದರೆ ರಾಯಚೂರಿನ ಬಿಸಿಲನ್ನು ದೂರಿ ಕೈತೊಳೆದುಕೊಳ್ಳುವಂತಿಲ್ಲ. ಹಳ್ಳಕ್ಕೆ ಸುತ್ತಲ ನೆಲದಿಂದ ಏನು ಇಳಿಯುತ್ತದೆ ಎಂಬುದನ್ನು ಕೇಳಬೇಕು.

ಇಳಿಯುತ್ತಿರುವುದರ ಕಥೆ 1953ರಿಂದ ಶುರು. ತುಂಗಭದ್ರೆಯ ನೀರು ಕಾಲುವೆಗೆ ಬಿದ್ದ ವರ್ಷ ಅದು. 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆಯನ್ನು ಯೋಜಿಸಿದವರ ಮನಸ್ಸಿನಲ್ಲಿ ಇದ್ದದ್ದು ಹೆಚ್ಚಾಗಿ ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ ಬೆಳೆ. ತೆಳ್ಳಗೆ ಹರಡಿ ಹೆಚ್ಚು ಊರುಗಳಿಗೆ ನೀರು ಮುಟ್ಟಿಸುವ ಲೆಕ್ಕ. ಮೇಲ್ಭಾಗದಲ್ಲಿ ಆದದ್ದು ನೆಲ್ಲು. ಎರೆಮಣ್ಣು ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ. ಬಸಿಗಾಲುವೆಗಳು ಹೂಳಿನಿಂದ ಮುಚ್ಚಿದವು. ಸಾವಿರಾರು ಎಕರೆ ಸವಳು–ಜವಳಾಯಿತು. ಮೇಲೆ ನೀರು ಹೆಚ್ಚಾಗಿ ನೆಲ ಕೆಟ್ಟಿತು, ಕೆಳಗೆ ಮಾನ್ವಿ–ರಾಯಚೂರು ಕಡೆಯ ಕೊನೆಭಾಗದ ರೈತರು ಅದೇ ನೀರಿಗಾಗಿ ರಸ್ತೆಗಿಳಿದರು, ಇಂದಿಗೂ ಇಳಿಯುತ್ತಾರೆ. ಗದ್ದೆಯಿಂದ ಬಸಿದ ಯೂರಿಯಾ, ಕೂಳೆಯ ರಸ, ಪಟ್ಟಣಗಳ ಕೊಳಚೆ ಎಲ್ಲ ಸೇರುವುದು ಹಳ್ಳವನ್ನೇ.

ಹೀಗೆ ಹಳ್ಳದಲ್ಲಿ ಹುಟ್ಟುವ ಮೀಥೇನನ್ನು ಯಾರ ಖಾತೆಗೆ ಬರೆಯಬೇಕು? ನದಿ, ಹಳ್ಳದ್ದು ಪ್ರಕೃತಿಯ ಖಾತೆ ಎಂಬುದು ರೂಢಿ. ಕಾಲುವೆ, ಬಸಿಗಾಲುವೆ, ಹೊಂಡಗಳದ್ದನ್ನು ಮನುಷ್ಯರ ಖಾತೆಗೆ ಬರೆಯುವ ವಿಧಾನವನ್ನು ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2019ರಲ್ಲಿ ಒದಗಿಸಿತು. ನಮ್ಮ ಬಸಿಹಳ್ಳ ಇವೆರಡರ ನಡುವೆ ಬೀಳುತ್ತದೆ. ಹುಟ್ಟಿನಿಂದ ಅದು ಹಳ್ಳ, ಬಾಳುವೆಯಿಂದ ಬಸಿಗಾಲುವೆ. ಅದು ನಮ್ಮ ಖಾತೆಗೇ ಸೇರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾಗೆ ಒಪ್ಪಿಕೊಂಡರೆ ರೈತನ ತಲೆಗೆ ತಪ್ಪು ಕಟ್ಟಿದಂತಾಗುತ್ತದೆ ಎಂಬ ಭಯ ಸಹಜ. 1990ರ ಸುಮಾರಿಗೆ ಹಾಗೆ ಆಗಿಯೂ ಇತ್ತು. ಭಾರತದ ಭತ್ತದ ಗದ್ದೆಗಳು ವರ್ಷಕ್ಕೆ ಸುಮಾರು 3.8 ಕೋಟಿ ಟನ್ ಮೀಥೇನ್ ಬಿಡುತ್ತವೆ ಎಂದು ಅಮೆರಿಕದ ಪರಿಸರ ಸಂಸ್ಥೆ ಅಂದಾಜು ಕಟ್ಟಿತ್ತು. ರಾಷ್ಟ್ರೀಯ ಭೌತ ಪ್ರಯೋಗಾಲಯದ ಎ.ಪಿ. ಮಿತ್ರ ಅವರ ಮುಂದಾಳತ್ವದಲ್ಲಿ 1991ರಲ್ಲಿ ನಮ್ಮ ವಿಜ್ಞಾನಿಗಳು ಗದ್ದೆಗಿಳಿದು ಅಳೆದರು. ಸಿಕ್ಕದ್ದು ಸುಮಾರು 40 ಲಕ್ಷ ಟನ್! ಆ ಅಳತೆಯೇ ನಮ್ಮ ರೈತರ ಪರ ನಿಂತ ಸಾಕ್ಷಿ. ಗದ್ದೆಯಾಚೆಗಿನ ನೀರಿನ ವಿಷಯಕ್ಕೆ ಬಂದರೆ, ದಕ್ಷಿಣ ಭಾರತದ ಹೊಳೆ, ಕೆರೆ, ಬಾವಿ, ಕಾಲುವೆಗಳೂ ಸೇರಿ 45 ಕಡೆ ಅಳೆದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಅದು ದೇಶದ ಒಳನಾಡಿನ ನೀರಿಗೆಲ್ಲ ಸೇರಿ ಕಟ್ಟಿದ ಅಂದಾಜು ವರ್ಷಕ್ಕೆ 21 ಲಕ್ಷ ಟನ್. ಇಷ್ಟು ದೊಡ್ಡ ದೇಶಕ್ಕೆ 45 ಜಾಗ ಬಹಳ ಕಡಿಮೆ.

ಮೀಥೇನ್ ತಗ್ಗಿಸುವ ಕೆಲಸಗಳಾದರೂ ಯಾವುವು? ನೆಲ್ಲಿನ ಗದ್ದೆಯನ್ನು ನಡುನಡುವೆ ಒಣಗಬಿಡುವುದು, ಕೂರಿಗೆ ಭತ್ತ ಬಿತ್ತುವುದು, ಬಸಿಗಾಲುವೆಯ ಹೂಳು ತೆಗೆಸುವುದು, ಪಟ್ಟಣದ ಕೊಳಚೆಯನ್ನು ಶುದ್ಧಮಾಡಿ ಬಿಡುವುದು. ಇವುಗಳಲ್ಲಿ ಮೊದಲ ಎರಡರಿಂದ ಮೇಲ್ಭಾಗದಲ್ಲಿ ನೀರು ಉಳಿಯುತ್ತದೆ. ಉಳಿದದ್ದನ್ನು ಕೆಳಗೆ ಬಿಡಲು ಸಾಧ್ಯವಾಗುತ್ತದೆ. ಹವಾಮಾನದ ಹೆಸರೆತ್ತದೆಯೇ ಕೊನೆಭಾಗದ ರೈತರು ಇಷ್ಟು ವರ್ಷ ಕೇಳುತ್ತ ಬಂದದ್ದೂ ಇದನ್ನೇ.

ಹಳ್ಳದ ಮೀಥೇನ್ ಅಳೆಯುವುದರಲ್ಲಿ ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಮುಂದಾಗಬೇಕು. ಹಳ್ಳದ ನೀರಿನ ಮೇಲೆ ಬಕೆಟ್ಟಿನಂಥ ಪಾತ್ರೆಯನ್ನು ಬೋರಲು ತೇಲಿಬಿಟ್ಟು, ಅದರಲ್ಲಿ ಸೇರಿದ ಅನಿಲವನ್ನು ಸಿರಿಂಜಿನಲ್ಲಿ ಎಳೆದು ಪ್ರಯೋಗಾಲಯಕ್ಕೆ ಒಯ್ಯುವುದು ದುಬಾರಿ ವಿದ್ಯೆಯೇನಲ್ಲ. ಕಾಲುವೆಗೆ ನೀರು ಬಿಟ್ಟಾಗ ಒಮ್ಮೆ, ನಿಲ್ಲಿಸಿದಾಗ ಒಮ್ಮೆ, ಹೂಳೆತ್ತಿದ ಹಳ್ಳದಲ್ಲೂ ಎತ್ತದ ಹಳ್ಳದಲ್ಲೂ ಅಳೆಯಲಿ. ಬಂದ ಅಂಕಿಗಳು ನೀರಾವರಿ ಸಲಹಾ ಸಮಿತಿಯ ಸಭೆಯ ಮೇಜಿಗೂ ಹೋಗಲಿ.