ವೋಟಿಲ್ಲದವರ ಮನೆಗೆ ಕೋರ್ಟೇ ಗತಿ

ಅಮೆರಿಕದ ನ್ಯೂಜೆರ್ಸಿಯಲ್ಲಿ ಬಡವರ ಮನೆಗಳ ಜಗಳ ಮತ್ತೆ ಕೋರ್ಟಿನ ಮೆಟ್ಟಿಲೇರಿತು. ಪ್ರತಿಯೊಂದು ಊರೂ ತನ್ನ ಪಾಲಿನ ಕಡಿಮೆ ಬೆಲೆಯ ಮನೆಗಳಿಗೆ ಜಾಗ ಮಾಡಿಕೊಡಬೇಕೆಂದು 2024ರಲ್ಲಿ ಕಾಯ್ದೆ ಬಂದದ್ದೇ ತಡ, ಮಾಂಟ್‌ವೇಲ್ ಮೊದಲಾದ ಊರುಗಳು ಅದೇ ವರ್ಷ ದಾವೆ ಹೂಡಿದವು. ನಮ್ಮೂರಲ್ಲಿ ಏನು ಕಟ್ಟಬೇಕೆಂದು ಹೇಳಲು ನೀವ್ಯಾರು ಎಂಬುದೇ ಇಂಥ ಊರುಗಳ ಹಳೆಯ ತಕರಾರು.

ಈ ತಕರಾರಿನ ಬೇರು ಫಿಲಡೆಲ್ಫಿಯಾ ಸಮೀಪದ ಮೌಂಟ್ ಲಾರೆಲ್‌ನಲ್ಲಿದೆ. ಅಲ್ಲಿ ತಲೆಮಾರುಗಳಿಂದ ದುಡಿದು ಬದುಕಿದ್ದ ಕಪ್ಪು ಜನರ ಕೆಲವು ಕುಟುಂಬಗಳು ಹಿಂದೆ ಕೋಳಿ ಸಾಕುತ್ತಿದ್ದ ಶೆಡ್ಡುಗಳಲ್ಲೇ ಸಂಸಾರ ಹೂಡಿದ್ದವು. ಅವು ವಾಸಕ್ಕೆ ಯೋಗ್ಯವಲ್ಲವೆಂದು ಸ್ಥಳೀಯ ಆಡಳಿತ ಖಾಲಿ ಮಾಡಿಸತೊಡಗಿತು. ಹಾಗಾದರೆ 36 ಅಪಾರ್ಟ್‌ಮೆಂಟ್ ಕಟ್ಟಿಕೊಳ್ಳಲು ಬಿಡಿ ಎಂದರೆ ಅದಕ್ಕೂ ಇಲ್ಲ ಎಂದಿತು. ಊರಿನ ನಿಯಮದಲ್ಲಿ ಜಾಗವಿದ್ದದ್ದು ಹೆಚ್ಚಾಗಿ ದೊಡ್ಡ ನಿವೇಶನದ ಒಂಟಿ ಮನೆಗಳಿಗೆ. ಉಳ್ಳವರಿಗಾಗಿ ಒಪ್ಪಿದ ಅಪಾರ್ಟ್‌ಮೆಂಟುಗಳಲ್ಲೂ ಮಲಗುವ ಕೋಣೆಗಳಿಗೆ ಮಿತಿ ಹಾಕಿದ್ದರು. ಕೋಣೆ ಹೆಚ್ಚಿದರೆ ಮಕ್ಕಳಿರುವ ಸಂಸಾರಗಳು ಬರುತ್ತವೆ, ಶಾಲೆಯ ಖರ್ಚು ಏರುತ್ತದೆ ಎಂಬ ಲೆಕ್ಕ. ಮಗು ಹುಟ್ಟುವುದನ್ನೇ ಊರಿಗೆ ನಷ್ಟವೆಂದು ಬರೆದಿಟ್ಟುಕೊಂಡ ಆಡಳಿತವದು!

ಎಥೆಲ್ ಲಾರೆನ್ಸ್ ಎಂಬ ತಾಯಿ ಮತ್ತು ಅವರ ನೆರೆಹೊರೆಯವರು 1971ರಲ್ಲಿ ಕೋರ್ಟಿಗೆ ಹೋದರು. ಸುತ್ತಲ ಪ್ರದೇಶದ ಬಡವರಿಗೆ ಬೇಕಾದ ಮನೆಗಳಲ್ಲಿ ಪ್ರತಿ ಊರೂ ತನ್ನ ಪಾಲು ಹೊರಬೇಕೆಂದು ರಾಜ್ಯದ ಸುಪ್ರೀಂ ಕೋರ್ಟ್ 1975ರಲ್ಲಿ ತೀರ್ಪಿತ್ತಿತು. ಊರುಗಳು ಜಗ್ಗಲಿಲ್ಲ, 1983ರಲ್ಲಿ ಮತ್ತೆ ಗದರಿಸಬೇಕಾಯಿತು. 1985ರ ಕಾಯ್ದೆಯಂತೂ ಪಾಲಿನ ಅರ್ಧದಷ್ಟು ಮನೆಗಳನ್ನು ದುಡ್ಡು ಕೊಟ್ಟು ಬೇರೆ ಊರಿಗೆ ದಾಟಿಸಲು ದಾರಿ ಬಿಟ್ಟುಕೊಟ್ಟಿತು. ಆ ನಾಚಿಕೆಗೇಡು ನಿಂತದ್ದು 2008ರಲ್ಲಿ.

ಲಾರೆನ್ಸ್ 1994ರಲ್ಲಿ ತೀರಿಕೊಂಡರು. ಅವರ ಹೆಸರಿನ ಮನೆಗಳಿಗೆ ಮೊದಲ ಬಾಡಿಗೆದಾರರು ಬಂದದ್ದು 2000ದ ಕೊನೆಯಲ್ಲಿ. ಅಪರಾಧ ಹೆಚ್ಚುತ್ತದೆ, ಆಸ್ತಿಯ ಬೆಲೆ ಬೀಳುತ್ತದೆ, ತೆರಿಗೆ ಏರುತ್ತದೆ ಎಂದು ಎಬ್ಬಿಸಿದ್ದ ಗುಲ್ಲು ಸುಳ್ಳಾಯಿತು. ಪ್ರಿನ್ಸ್‌ಟನ್‌ನ ಸಮಾಜಶಾಸ್ತ್ರಜ್ಞ ಡಗ್ಲಾಸ್ ಮ್ಯಾಸಿ ಮತ್ತು ಸಂಗಡಿಗರು ಇದನ್ನೇ ಅಧ್ಯಯನ ಮಾಡಿ 2013ರಲ್ಲಿ ಪುಸ್ತಕವಾಗಿ ತಂದರು. ಮೂರಕ್ಕೂ ಅವರಿಗೆ ಪುರಾವೆ ಸಿಗಲಿಲ್ಲ.

ಸ್ಥಳೀಯ ಆಡಳಿತದ ಅಧಿಕಾರಕ್ಕೆ ಕೈಹಾಕಬಾರದೆಂಬ ಮಾತಿನಲ್ಲಿ ಹುರುಳಿದೆ. ಚರಂಡಿ ಎಲ್ಲಿ, ಉದ್ಯಾನ ಎಲ್ಲಿ ಎಂಬುದನ್ನು ಊರವರೇ ನಿರ್ಧರಿಸಲಿ. ಆದರೆ ಊರಿಗೆ ಯಾರು ಬರಬಾರದೆಂಬ ತೀರ್ಮಾನ ಬೇರೆ. ಹೊರಗೆ ನಿಂತವನಿಗೆ ಅಲ್ಲಿ ವೋಟಿಲ್ಲ. ಅವನಿಗಾಗಿ ಮಾತಾಡಿ ಗೆಲ್ಲುವ ಸದಸ್ಯನೂ ಇಲ್ಲ. ಅಂಥವನ ಅಹವಾಲು ಕೇಳಲು ಕೋರ್ಟಲ್ಲದೆ ಇನ್ನಾರಿದ್ದಾರೆ?

ನ್ಯೂಜೆರ್ಸಿಯಲ್ಲಿ ಮನೆ ಮಾಡಿಕೊಂಡ ಕನ್ನಡಿಗರು ಬಹಳ ಮಂದಿ ಇದ್ದಾರೆ. ನಿಮ್ಮ ಊರಿನ ಸಭೆಗೆ ಇಂಥ ಯೋಜನೆ ಬಂದಾಗ, ದಯವಿಟ್ಟು ಹೋಗಿ. ಎದ್ದು ನಿಂತು, ಆ ಮನೆಗಳು ಬರಲಿ ಎಂದು ಹೇಳಿ.