ಮೈಸೂರಿನ ರೂಪಾಯಿಯೂ ನಂಜನಗೂಡಿನ ರೂಪಾಯಿಯೂ

ಒಂದೇ ಸರ್ಕಾರದ ಆಳ್ವಿಕೆಯಲ್ಲಿ, ಒಂದೇ ಜಿಲ್ಲೆಯೊಳಗೆ, ಒಂದೇ ದರ್ಜೆಯ ಉಪಾಧ್ಯಾಯರಿಬ್ಬರು ಒಂದೇ ಪಾಠವನ್ನು ಹೇಳುತ್ತಿರುವರೆಂದು ವಾಚಕರು ಭಾವಿಸಲಿ. ಒಬ್ಬರು ಮೈಸೂರು ನಗರದಲ್ಲಿರುವರು. ಮತ್ತೊಬ್ಬರು ಅಲ್ಲಿಗೆ ಸುಮಾರು 25 ಕಿಲೋಮೀಟರು ದೂರದ ನಂಜನಗೂಡಿನಲ್ಲಿರುವರು. ಇಬ್ಬರ ಮೂಲವೇತನವೂ 40,000 ರೂಪಾಯಿಯೆಂದು ಇಟ್ಟುಕೊಳ್ಳೋಣ. ರಾಜ್ಯದ ಏಳನೆಯ ವೇತನ ಆಯೋಗದ ಶಿಫಾರಸನ್ನು ಅನುಸರಿಸಿ 2024ರ ಆಗಸ್ಟಿನಿಂದ ಜಾರಿಗೆ ಬಂದ ಕ್ರಮದಂತೆ ಮೊದಲನೆಯವರಿಗೆ ಮನೆ ಬಾಡಿಗೆಯ ಭತ್ಯೆ ನೂರಕ್ಕೆ 15, ಅಂದರೆ 6,000 ರೂಪಾಯಿ. ಎರಡನೆಯವರಿಗೆ ನೂರಕ್ಕೆ ಏಳೂವರೆ, ಅಂದರೆ 3,000 ರೂಪಾಯಿ. ಅವರೇ ಬೆಂಗಳೂರಿಗೆ ವರ್ಗವಾಗಿ ಹೋದರೆ ನೂರಕ್ಕೆ 20ರಂತೆ 8,000 ದೊರೆಯುವುದು. ತಿರುಮಕೂಡಲು ನರಸೀಪುರದ ಉಪಾಧ್ಯಾಯರಿಗೂ ನಂಜನಗೂಡಿನ ಲೆಕ್ಕವೇ ಸಲ್ಲುವುದು.

ಈ ಅಂತರಕ್ಕೆ ಆಧಾರವೇನೆಂದು ವಿಚಾರಿಸಿದರೆ, ಅದು ಊರಿನ ತಲೆಯೆಣಿಕೆಯಲ್ಲದೆ ಬೇರೆಯಲ್ಲ. 25 ಲಕ್ಷಕ್ಕೆ ಮೇಲ್ಪಟ್ಟ ಊರಿಗೆ ಒಂದು ದರ, 5 ಲಕ್ಷಕ್ಕೆ ಮೇಲ್ಪಟ್ಟುದಕ್ಕೆ ಇನ್ನೊಂದು, ಉಳಿದ ಊರುಗಳಿಗೆಲ್ಲ ಮೂರನೆಯದು. ಕೇಂದ್ರ ಸರ್ಕಾರದವರ ವಿಂಗಡಣೆಯೂ ಇದೇ ಜಾತಿಯದು. ಅವರ ಲೆಕ್ಕದಲ್ಲಿ ಬೆಂಗಳೂರು ಮೊದಲ ವರ್ಗ. ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳು ಎರಡನೆಯ ವರ್ಗ. ಕರ್ನಾಟಕದ ಮಿಕ್ಕ ಊರುಗಳೆಲ್ಲ ಮೂರನೆಯ ವರ್ಗ. ಈ ವಿಂಗಡಣೆ 2011ರ ಜನಗಣತಿಯನ್ನು ಹಿಡಿದು ಮಾಡಿದ್ದು. 2021ರಲ್ಲಿ ನಡೆಯಬೇಕಿದ್ದ ಗಣತಿಯು ಕಾಲಕ್ಕೆ ನಡೆಯಲಿಲ್ಲವೆಂಬುದನ್ನು ಎಲ್ಲರೂ ಬಲ್ಲರು.

ದೊಡ್ಡ ನಗರದವರಿಗೆ ಹೆಚ್ಚು ಕೊಡಬಾರದೆಂದು ನಾವು ವಾದಿಸುವುದಿಲ್ಲ. ಮೈಸೂರಿನಲ್ಲಿ ಮನೆಯ ಬಾಡಿಗೆ ಹೆಚ್ಚು, ಬೆಂಗಳೂರಿನಲ್ಲಿ ಇನ್ನೂ ಹೆಚ್ಚು. ಇದಕ್ಕೆ ಸಾಕ್ಷಿ ಬೇಕಿಲ್ಲ. ಆದರೆ ನಂಜನಗೂಡಿನ ಸಂಸಾರವೊಂದು ಮೈಸೂರಿನ ಸಂಸಾರಕ್ಕಿಂತ ನಿಜವಾಗಿ ಎಷ್ಟು ಕಡಿಮೆ ಖರ್ಚಿನಲ್ಲಿ ಸಾಗುತ್ತದೆ ಎಂಬುದನ್ನು ತೂಗಿ ನೋಡಿದವರು ಯಾರು? ತಲೆಗಳನ್ನು ಎಣಿಸಿದವರಿದ್ದಾರೆ, ಚೀಲವನ್ನು ತೂಗಿದವರಿಲ್ಲ.

ಒಂದು ಸಂಸಾರದ ತಿಂಗಳ ಖರ್ಚನ್ನು ಬಿಡಿಸಿ ನೋಡೋಣ. ಪೊಟ್ಟಣದ ನಂದಿನಿ ಹಾಲಿಗೆ ಬೆಂಗಳೂರಿನಲ್ಲಿ ಯಾವ ಬೆಲೆಯೋ ತ್ರಿವೇಣೀ ಸಂಗಮದ ದಡದಲ್ಲಿಯೂ ಅದೇ ಬೆಲೆ. ಸಾಬೂನು, ಚಹಾಪುಡಿ, ಔಷಧಿ ಮೊದಲಾದ ಕಟ್ಟಿದ ಸರಕಿನ ಮೇಲೆ ಗರಿಷ್ಠ ಮಾರಾಟದ ಬೆಲೆಯನ್ನು ಅಚ್ಚು ಹಾಕಿರುತ್ತಾರೆ. ದೊಡ್ಡ ನಗರದ ದೊಡ್ಡ ಅಂಗಡಿಯವರು ಅದರಲ್ಲಿ ಸೋಡಿ ಬಿಡುವುದುಂಟು, ತಾಲ್ಲೂಕು ಪೇಟೆಯ ಸಣ್ಣ ಅಂಗಡಿಯವರಿಗೆ ಆ ಅನುಕೂಲ ಕಡಿಮೆ. ಅಡಿಗೆ ಅನಿಲದ ಉರುಳೆಯೂ ಪೆಟ್ರೋಲೂ ಊರಿಂದೂರಿಗೆ ಅಲ್ಪಸ್ವಲ್ಪ ಮಾತ್ರ ವ್ಯತ್ಯಾಸವಾಗುತ್ತವೆ. ನರಸೀಪುರದ ಸುತ್ತ ನಾಲೆಯ ನೀರಿನ ಭತ್ತದ ಗದ್ದೆಗಳಿವೆಯಾದುದರಿಂದ ಅಲ್ಲಿ ಅಕ್ಕಿ ಅಗ್ಗವಾಗಿರಬೇಕೆಂದು ದೂರದವರು ಊಹಿಸಬಹುದು. ಗದ್ದೆಯ ಭತ್ತ ಗಿರಣಿಗೆ ಹೋಗಿ, ಮೂಟೆಯಾಗಿ, ಮಂಡಿಯವರ ಕೈದಾಟಿ ಅದೇ ಊರಿನ ಅಂಗಡಿಗೆ ಮರಳಿ ಬರುವಷ್ಟರಲ್ಲಿ ಆ ಅಗ್ಗ ಬಹುಮಟ್ಟಿಗೆ ಕರಗಿರುವುದು. ನಂಜನಗೂಡಿನ ರಸಬಾಳೆಯ ಗತಿಯನ್ನಂತೂ ಹೇಳಬೇಕಾಗಿಲ್ಲ. ಭೌಗೋಳಿಕ ಗುರುತಿನ ಗೌರವವನ್ನು ಪಡೆದ ಈ ಹಣ್ಣಿನ ತೋಟಗಳು ಸೊರಗು ರೋಗಕ್ಕೆ ತುತ್ತಾಗಿ ಕುಗ್ಗಿಹೋದ ಮೇಲೆ, ತನ್ನ ಹೆಸರಿನ ಬಾಳೆಯನ್ನು ಆ ಊರೇ ಹುಡುಕಿ ಕೊಳ್ಳಬೇಕಾಗಿದೆ!

ಇನ್ನು ಸಣ್ಣ ಊರಿನಲ್ಲಿ ಹೆಚ್ಚಾಗುವ ಖರ್ಚುಗಳೂ ಇವೆ. ಅವು ಯಾವ ಆಯೋಗದ ಕಣ್ಣಿಗೂ ಸುಲಭವಾಗಿ ಬೀಳತಕ್ಕವಲ್ಲ. ಎದೆನೋವು ಬಂದರೆ ಮೈಸೂರು. ಮಗಳು ಇಂಜಿನಿಯರಿಂಗ್ ಓದಬೇಕೆಂದರೆ ಮೈಸೂರು. ಕಣ್ಣಿನ ಶಸ್ತ್ರಕ್ರಿಯೆಗೂ ಮದುವೆಯ ಜವಳಿಗೂ ಮೈಸೂರು. ನಂಜನಗೂಡಿಗೆ 1891ರಿಂದಲೇ ರೈಲುಮಾರ್ಗವಿದೆ. ಮಾಸಿಕ ಪಾಸು ಪಡೆದು ದಿನವೂ ಓಡಾಡುವುದು ಸಾಧ್ಯ. ನರಸೀಪುರಕ್ಕೆ ರೈಲಿಲ್ಲ, ಸುಮಾರು 30 ಕಿಲೋಮೀಟರನ್ನು ಬಸ್ಸಿನಲ್ಲಿಯೇ ಕಳೆಯಬೇಕು. ಸಾರಿಗೆ ಬಸ್ಸಿನ ದರ 2025ರ ಜನವರಿಯಲ್ಲಿ ನೂರಕ್ಕೆ 15ರಷ್ಟು ಏರಿತು. ಅದಕ್ಕೆ ಮೊದಲೇ, 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸ್ತ್ರೀಯರ ಪ್ರಯಾಣ ಉಚಿತವಾಗಿತ್ತು. ಆದಕಾರಣ ಕೆಲಸಕ್ಕೆ ಹೋಗುವವರು ಗಂಡನೋ ಹೆಂಡತಿಯೋ, ಓದಲು ಹೋಗುವವರು ಮಗನೋ ಮಗಳೋ ಎಂಬುದರ ಮೇಲೆ ಒಂದೇ ಬೀದಿಯ ಎರಡು ಮನೆಗಳ ಜೀವನವೆಚ್ಚ ಬೇರೆಬೇರೆಯಾಗಿದೆ. ನಂಜನಗೂಡಿನಲ್ಲಿ ಕೈಗಾರಿಕಾ ಪ್ರದೇಶವೂ ಇದೆ. ಕಾರ್ಖಾನೆಗಳನ್ನು ನಂಬಿ ಹೊರಗಿನಿಂದ ಬಂದವರಿಗೆ ಕೊಠಡಿ ಬೇಕು. ಆ ಬೇಡಿಕೆ ಬಾಡಿಗೆಯನ್ನು ಎತ್ತದೆ ಬಿಡುವುದಿಲ್ಲ. ಒಂದು ಊರಿಗೆ ರೈಲೂ ಕಾರ್ಖಾನೆಗಳೂ, ಇನ್ನೊಂದಕ್ಕೆ ಬಸ್ಸೂ ಗದ್ದೆಗಳೂ. ಆದರೂ ಸರ್ಕಾರದ ಕಾಗದದಲ್ಲಿ ಎರಡೂ ಒಂದೇ ಪಂಕ್ತಿಯಲ್ಲಿ ಕುಳಿತಿವೆ.

ಭತ್ಯೆಯೆಂಬುದು ಸರ್ಕಾರಿ ನೌಕರರ ಮಾತಾಯಿತು. ನಮಗೆ ಇದಕ್ಕಿಂತಲೂ ಹೆಚ್ಚಾಗಿ ಚಿಂತೆಯನ್ನುಂಟುಮಾಡುವುದು ಕೂಲಿಯವರ ಸ್ಥಿತಿ. ಕನಿಷ್ಠ ವೇತನದ ಅಧಿಸೂಚನೆಗಳೂ ನಾಡನ್ನು ವಲಯಗಳಾಗಿ ವಿಂಗಡಿಸುತ್ತ ಬಂದಿವೆ: ರಾಜಧಾನಿಗೆ ಹೆಚ್ಚು, ತಾಲ್ಲೂಕು ಪೇಟೆಗೆ ಕಡಿಮೆ. ಈಗ ಒಂದು ಸಂಗತಿಯನ್ನು ಗಮನಿಸಬೇಕು. 2023-24ರ ಕುಟುಂಬ ವೆಚ್ಚದ ಸಮೀಕ್ಷೆಯಲ್ಲಿ, ಅಖಿಲ ಭಾರತದ ಸರಾಸರಿಯಂತೆ, ಹಳ್ಳಿಯವರ ಖರ್ಚಿನಲ್ಲಿ ನೂರಕ್ಕೆ ಸುಮಾರು 47 ಭಾಗವೂ ಪಟ್ಟಣದವರ ಖರ್ಚಿನಲ್ಲಿ ಸುಮಾರು 40 ಭಾಗವೂ ಆಹಾರಕ್ಕೆ ಹೋಗಿದೆ. ವರಮಾನ ಕಡಿಮೆಯಾದಷ್ಟೂ ಊಟದ ಪಾಲು ಹೆಚ್ಚು. ಊರಿಂದೂರಿಗೆ ಬಹಳ ಬದಲಾಗುವುದು ಬಾಡಿಗೆ. ಅಷ್ಟಾಗಿ ಬದಲಾಗದಿರುವುದು ಅಕ್ಕಿ, ಬೇಳೆ, ಎಣ್ಣೆ. ಹೀಗಿರುವಲ್ಲಿ, ಸಣ್ಣ ಊರಿನ ಅಗ್ಗತನದ ಲಾಭ ದೊಡ್ಡ ಮನೆ ಹಿಡಿಯಬಲ್ಲವನಿಗೆ ದೊಡ್ಡದಾಗಿ ದೊರೆಯುತ್ತದೆ. ದುಡಿದದ್ದರಲ್ಲಿ ಅರ್ಧವನ್ನು ಒಲೆಗೆ ಹಾಕುವವನಿಗೆ ಅಲ್ಪವಾಗಿ ದೊರೆಯುತ್ತದೆ. ನರಸೀಪುರದ ರೇಷ್ಮೆ ಕಾರ್ಖಾನೆಯಲ್ಲಿ ತೆಗೆದ ನೂಲು ಮೈಸೂರಿನ ಮಗ್ಗಕ್ಕೆ ಹೋಗಿ ಸೀರೆಯಾಗುತ್ತದೆ. ಆ ಸೀರೆಗೆ ಊರು ನೋಡಿ ಬೆಲೆ ಕಡಿಮೆ ಮಾಡುವವರಿಲ್ಲ. ದುಡಿಮೆಗೆ ಮಾತ್ರ ಊರು ನೋಡಿ ಬೆಲೆ ಕಟ್ಟುವುದಾದರೆ, ಆ ಊರಿನ ಧಾರಣೆಯನ್ನಾದರೂ ಸರಿಯಾಗಿ ತಿಳಿದು ಕಟ್ಟಬೇಡವೆ?

“ಇದಕ್ಕಾಗಿ ಸೂಚ್ಯಂಕಗಳಿವೆಯಲ್ಲ” ಎಂದು ಬಲ್ಲವರು ಕೇಳಬಹುದು. ಈ ವಿಷಯದಲ್ಲಿ ವಿದ್ಯಾವಂತರಲ್ಲಿಯೂ ಒಂದು ಭ್ರಾಂತಿ ನೆಲೆಸಿದೆ. ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕವನ್ನು ದೇಶದ 88 ಕೇಂದ್ರಗಳಿಂದ ಧಾರಣೆಗಳನ್ನು ತರಿಸಿ ತಯಾರಿಸುತ್ತಾರೆ. ಕೇಂದ್ರದ ನೌಕರರ ತುಟ್ಟಿಭತ್ಯೆ ಅದರ ಅಖಿಲ ಭಾರತ ಸರಾಸರಿಯ ಮೇಲೆ ನಿಂತಿದೆ. ಅದರಲ್ಲಿ ಪ್ರತಿಯೊಂದು ಕೇಂದ್ರಕ್ಕೂ 2016ರ ಬೆಲೆಯೇ 100. ಒಂದೂರಿನ ಅಂಕೆ ಇಂದು 140, ಇನ್ನೊಂದೂರಿನದು 150 ಎಂದರೆ, ಎರಡನೆಯ ಊರು ಮೊದಲನೆಯದಕ್ಕಿಂತ ತುಟ್ಟಿಯೆಂದು ಅರ್ಥವಲ್ಲ; 2016ರಿಂದೀಚೆಗೆ ಅಲ್ಲಿ ಬೆಲೆಗಳು ಹೆಚ್ಚು ಬೇಗ ಏರಿದುವೆಂದು ಮಾತ್ರ ಅರ್ಥ. ಮೊದಲೇ ಅಗ್ಗವಾಗಿದ್ದ ಊರು ವೇಗವಾಗಿ ಏರಿಯೂ ಅಗ್ಗವಾಗಿಯೇ ಉಳಿದಿರಬಹುದು. ಸೂಚ್ಯಂಕವು ಒಂದು ಊರನ್ನು ಅದರ ನಿನ್ನೆಯೊಡನೆ ಹೋಲಿಸುತ್ತದೆ, ನೆರೆಯ ಊರಿನೊಡನೆ ಹೋಲಿಸುವುದಿಲ್ಲ. ಉಪಾಧ್ಯಾಯರು ತರಗತಿಯಲ್ಲಿ ಇದನ್ನು ಬಿಡಿಸಿ ಹೇಳಿದರೆ ಮಹೋಪಕಾರವಾದೀತು.

ಏಕೀಕರಣದ ಹಿಂದಿನ ಕಾಲವನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗಲಾರದು. ಆಗ ಕನ್ನಡಿಗನಿಗೆ ಈ ಹೋಲಿಕೆ ಬಯಸಿದರೂ ಸಾಧ್ಯವಿರಲಿಲ್ಲ. ಮೈಸೂರು ಸೀಮೆಯ ಕಚ್ಚಾ ಸೇರು 24 ತೊಲದ್ದು, ಬ್ರಿಟಿಷರ ಪಕ್ಕಾ ಸೇರು 80 ತೊಲದ್ದು, ಕೊಳಗವಂತೂ ಊರಿಗೊಂದು. ರಾಯಚೂರು, ಗುಲ್ಬರ್ಗ, ಬೀದರಗಳಲ್ಲಿ ನಿಜಾಮರ ಹಾಲಿ ಸಿಕ್ಕದ ನಾಣ್ಯ ನಡೆಯುತ್ತಿತ್ತು. ಅದರ ಏಳು ರೂಪಾಯಿ ಬ್ರಿಟಿಷ್ ನಾಣ್ಯದ ಆರಕ್ಕೆ ಸಮ. ನಂಜನಗೂಡಿನ ವರ್ತಕನು ರಾಯಚೂರಿನ ಬೆಲೆಯನ್ನು ತಿಳಿಯಬೇಕಾದರೆ ಮೊದಲು ನಾಣ್ಯವನ್ನು ಮುರಿಸಿ, ಆಮೇಲೆ ಸೇರನ್ನು ಮುರಿಸಿ, ಕೊನೆಗೆ ತಲೆಯನ್ನು ಕೆರೆದುಕೊಳ್ಳಬೇಕಾಗಿತ್ತು. 1956ರ ನವೆಂಬರ್ 1ರಂದು ಐದು ಆಡಳಿತಗಳಲ್ಲಿ ಹಂಚಿಹೋಗಿದ್ದ ನಾಡು ಒಂದಾಯಿತು. ಅದೇ ವರ್ಷದ ಕೇಂದ್ರ ಶಾಸನವೊಂದರಿಂದ ದೇಶಕ್ಕೆಲ್ಲ ಕಿಲೋಗ್ರಾಮೂ ಬಂತು. ನಾಣ್ಯ ಒಂದಾಯಿತು, ತೂಕ ಒಂದಾಯಿತು. ಆ ನಾಣ್ಯಕ್ಕೆ ಯಾವ ಊರಿನಲ್ಲಿ ಎಷ್ಟು ಬಾಳು ದೊರೆಯುತ್ತದೆಂಬ ಅಳತೆಯೊಂದು ಮಾತ್ರ ಇಂದಿಗೂ ಆಗಿಲ್ಲ. ಗಡಿಯಾಚೆಯ ಕನ್ನಡಿಗರ ಮಾತು ಇನ್ನೂ ತೊಡಕಿನದು: ಮಂಜೇಶ್ವರದ ಉಪಾಧ್ಯಾಯರಿಗೆ ಸಂಬಳ ತಿರುವನಂತಪುರದ ಕ್ರಮದಂತೆ, ಆಸ್ಪತ್ರೆಯೂ ಅಂಗಡಿಯೂ ಬಹಳಷ್ಟು ಮಂಗಳೂರಿನಲ್ಲಿ.

ಇದು ಆಗದ ಕೆಲಸವಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನಗಳ ಸರ್ಕಾರವು ರಾಜ್ಯ ರಾಜ್ಯಗಳ, ನಗರ ನಗರಗಳ ಬೆಲೆಯ ಮಟ್ಟವನ್ನು ಇಡೀ ದೇಶದ ಸರಾಸರಿಯೊಡನೆ ಹೋಲಿಸಿ ಪ್ರತಿವರ್ಷವೂ ಪ್ರಕಟಿಸುತ್ತದೆ. ನಮ್ಮ ರಾಜ್ಯದಲ್ಲಿಯೂ ಅರ್ಥಶಾಸ್ತ್ರ ಮತ್ತು ಸಾಂಖ್ಯಿಕ ನಿರ್ದೇಶನಾಲಯವಿದೆ. ಒಂದೇ ಬುಟ್ಟಿಯ ಸರಕು, ಒಂದೇ ಗುಣ, ಒಂದೇ ವಾರ ಎಂಬ ನಿಯಮದಿಂದ ಎಲ್ಲ ತಾಲ್ಲೂಕು ಪೇಟೆಗಳ ಧಾರಣೆಯನ್ನು ಬರೆಯಿಸಿ, ಬಾಡಿಗೆಯನ್ನೂ, ಜಿಲ್ಲಾ ಕೇಂದ್ರದ ಆಸ್ಪತ್ರೆಗೂ ಕಾಲೇಜಿಗೂ ಹೋಗಿಬರುವ ಖರ್ಚನ್ನೂ ಕೂಡಿಸಿ, ವರ್ಷಕ್ಕೊಮ್ಮೆ ಕನ್ನಡದಲ್ಲಿ ಅಚ್ಚು ಹಾಕಬೇಕೆಂದು ನಾವು ಸರ್ಕಾರದವರನ್ನು ಒತ್ತಾಯಪಡಿಸುತ್ತೇವೆ. ಮುಂದಿನ ವೇತನ ಆಯೋಗವೂ ಕನಿಷ್ಠ ವೇತನದ ಸಲಹಾ ಮಂಡಳಿಯೂ ಆ ಪುಸ್ತಕವನ್ನು ಮುಂದಿಟ್ಟುಕೊಂಡು ದರವನ್ನು ಕಟ್ಟಲಿ. ಲೆಕ್ಕದಿಂದ ನಂಜನಗೂಡು ನಿಜವಾಗಿಯೂ ಅಗ್ಗವೆಂದು ಸಿದ್ಧವಾದರೆ ನಮ್ಮ ತಕರಾರಿಲ್ಲ.

ಅಲ್ಲಿಯವರೆಗೆ ಎರಡು ಊರುಗಳ ಉಪಾಧ್ಯಾಯರೂ ಮಹಾಜನರೂ ಸುಮ್ಮನಿರಬೇಕಾಗಿಲ್ಲ. ಬರುವ ತಿಂಗಳ ಮೊದಲ ವಾರದಲ್ಲಿ ನಂಜನಗೂಡು, ನರಸೀಪುರ, ಮೈಸೂರುಗಳ ಶಾಲೆಗಳವರು ಒಂದೇ ದಿನವನ್ನು ಗೊತ್ತುಮಾಡಿಕೊಂಡು ಮೇಲಿನ ತರಗತಿಯ ಮಕ್ಕಳಿಂದ ಪಟ್ಟಿ ಬರೆಸಲಿ: ಸೋನಾಮಸೂರಿ ಅಕ್ಕಿ, ರಾಗಿ, ತೊಗರಿಬೇಳೆ, ಕಡಲೆಕಾಯಿ ಎಣ್ಣೆ, ಈರುಳ್ಳಿ, ತೆಂಗಿನಕಾಯಿ, ಕ್ಷೌರದ ಕೂಲಿ, ಹೋಟೆಲಿನ ಎರಡು ಇಡ್ಲಿ, ಒಂದು ಲೋಟ ಕಾಫಿ, ನಲ್ಲಿನೀರಿರುವ ಎರಡು ಕೋಣೆಯ ಮನೆಯ ಬಾಡಿಗೆಯೂ ಮುಂಗಡವೂ, ಮೈಸೂರಿನ ದೊಡ್ಡ ಆಸ್ಪತ್ರೆಗೆ ರೋಗಿಯೂ ಜೊತೆಗೊಬ್ಬರೂ ಹೋಗಿಬರುವ ಖರ್ಚು. ಅಕ್ಕಿಯ ಬೆಲೆಯನ್ನು ಮೂರು ಅಂಗಡಿಗಳಲ್ಲಿ ಕೇಳಿ ನಡುವಿನದನ್ನು ಬರೆದುಕೊಳ್ಳಬೇಕು. ಬಾಡಿಗೆಯನ್ನು ಮನೆಯ ಯಜಮಾನರಿಂದಲ್ಲ, ಬಾಡಿಗೆದಾರರಿಂದಲೇ ಕೇಳಿ ತಿಳಿಯಬೇಕು. ಪಟ್ಟಿಗಳು ನಮ್ಮ ಕೈಸೇರಿದರೆ ಮೂರೂರಿನ ಧಾರಣೆಯನ್ನು ಪಕ್ಕಪಕ್ಕದಲ್ಲಿಟ್ಟು ಪ್ರಕಟಿಸುವೆವು.